ತೊಡಂಗಿನಲ್ಲಿ ಸಿಕ್ಕಿಸಿದ ಕತ್ತಿ

ಹತ್ತನೇ ತರಗತಿಗೆ ಜೀರ್ಣಕ್ರಿಯೆಯ ಪಾಠ ಮಾಡುತ್ತಾ ಕಿಣ್ವಗಳ ಬಗ್ಗೆ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಎದೆಯಲ್ಲಿದ್ದ ಕ್ಯಾನ್ಸರ್ ಮೂಳೆಗೆ ಹೋಗುವುದು ಹೇಗೆ? ಅದಕ್ಕೇನು ಕಾಲಿದೆಯೇ?" ಎಂದು ಕೇಳಿದಳು. ತರಗತಿ ನಕ್ಕಿತು. ನಾನು ನಗಲಿಲ್ಲ. ಅವಳ ಅಜ್ಜಿಯ ವಿಷಯ ನನಗೆ ಗೊತ್ತಿತ್ತು.

"ಕಾಲು ಮಾತ್ರವಲ್ಲಮ್ಮ, ಕತ್ತಿಯೂ ಇದೆ" ಎಂದೆ.

ನಮ್ಮ ಜೀವಕೋಶಗಳ ಸುತ್ತ ಪ್ರೋಟೀನ್ ಎಳೆಗಳ ಬೇಲಿಯೊಂದಿರುತ್ತದೆ. ಗಡ್ಡೆಯ ಕೋಶ ರಕ್ತನಾಳ ಸೇರಬೇಕಾದರೆ ಈ ಬೇಲಿ ದಾಟಬೇಕು. ಬೇಲಿ ಕಡಿಯಲು ನೆರವಾಗುವ ಕಿಣ್ವಗಳಲ್ಲಿ ಯೂರೋಕೈನೇಸ್ ಒಂದು. ಮೊದಲು ಮೂತ್ರದಲ್ಲಿ ಕಂಡದ್ದರಿಂದ ಅದಕ್ಕೆ ಆ ಹೆಸರು. ರಕ್ತದಲ್ಲಿ ಸುಮ್ಮನಿರುವ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನನ್ನು ಅದು ಕತ್ತರಿಸಿ ಪ್ಲಾಸ್ಮಿನ್ ಆಗಿಸುತ್ತದೆ. ಬೇಲಿಯನ್ನು ಕರಗಿಸುವುದು ಈ ಪ್ಲಾಸ್ಮಿನ್. ಹಾಗೆಂದು ಯೂರೋಕೈನೇಸ್ ನಮ್ಮ ಶತ್ರುವಲ್ಲ. ಗಾಯ ಮಾಯಲು ಅದು ಸಹಾಯಕ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಲು ವೈದ್ಯರು ಅದನ್ನೇ ಔಷಧಿಯಾಗಿ ಕೊಡುವುದೂ ಉಂಟು.

ಆದರೆ ಕತ್ತಿ ಎಲ್ಲೋ ಬಿದ್ದಿದ್ದರೆ ಕೆಲಸಕ್ಕೆ ಬಾರದು. ಪುತ್ತರಿಯ ದಿನ ಕುಪ್ಯಚೇಲೆ ಉಟ್ಟ ನಮ್ಮ ಕೊಡವರ ಬೆನ್ನ ಕಡೆ ನೋಡಿ. ಸೊಂಟದ ಹಿಂದೆ ತೊಡಂಗ್ ಎಂಬ ಲೋಹದ ಹಿಡಿಕೆ, ಅದರಲ್ಲಿ ಸಿಕ್ಕಿಸಿದ ಒಡಿಕತ್ತಿ. ಜೀವಕೋಶದ ಹೊರಮೈಯಲ್ಲೂ ಯೂರೋಕೈನೇಸನ್ನು ಸಿಕ್ಕಿಸಿಕೊಳ್ಳುವ ಇಂಥದೊಂದು ತೊಡಂಗ್ ಇದೆ. ಅದೇ ಗ್ರಾಹಿ, ಅಂದರೆ ರಿಸೆಪ್ಟರ್. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1985ರಲ್ಲಿ. ಕಿಣ್ವ ಅಲ್ಲಿ ಕುಳಿತರೆ ಬೇಲಿ ಕಡಿಯುವ ಕೆಲಸ ಚುರುಕಾಗುತ್ತದೆ. ಅದೂ ಕೋಶ ಮುನ್ನುಗ್ಗಬೇಕಾದ ಜಾಗದಲ್ಲೇ.

ಸ್ತನ, ದೊಡ್ಡಕರುಳು ಮುಂತಾದ ಅನೇಕ ಕ್ಯಾನ್ಸರುಗಳಲ್ಲಿ ಈ ಗ್ರಾಹಿಗಳ ಸಂಖ್ಯೆ ಹೆಚ್ಚಿರುವುದು ಕಂಡುಬಂದಿದೆ. ವಿಚಿತ್ರವೆಂದರೆ, ಎಷ್ಟೋ ಸಲ ಗಡ್ಡೆಗೆ ಕತ್ತಿ ಒದಗಿಸುವವು ಪಕ್ಕದ ನಿರಪರಾಧಿ ಕೋಶಗಳೇ! ಸ್ತನ ಕ್ಯಾನ್ಸರಿನ ಗಡ್ಡೆಯಲ್ಲಿ ಈ ಕಿಣ್ವವೂ ಅದರ ತಡೆಗಾರ ಪ್ರೋಟೀನೂ ಕಡಿಮೆಯಿದ್ದರೆ ರೋಗ ಮರುಕಳಿಸುವ ಸಂಭವ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಕತ್ತಿ ತೊಡಂಗಿಗೆ ಸಿಕ್ಕದಂತೆ ತಡೆಯುವ ಔಷಧಿಗಳಿಗಾಗಿ ಪ್ರಯತ್ನ ನಡೆದಿದೆಯಾದರೂ ಅವು ಇನ್ನೂ ದೈನಂದಿನ ಚಿಕಿತ್ಸೆಯಾಗಿ ಬಂದಿಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಸಮಯ ಒಂದೇ. ಆ ಅಜ್ಜಿಗೆ ಗಂಟು ಕೈಗೆ ಸಿಕ್ಕಾಗ ಕಾಫಿ ಕೊಯ್ಲಿನ ಕಾಲ. ನೋವಿರಲಿಲ್ಲ. "ಕೊಯ್ಲು ಮುಗಿಯಲಿ" ಎಂದರು. ಮುಗಿದ ಮೇಲೆ ಮೆಣಸು ಬಂತು, ಆಮೇಲೆ ಮಳೆ ಬಂತು. ಕೊನೆಗೆ ಬೆಂಗಳೂರಿಗೆ ಕರೆದೊಯ್ದಾಗ ಬೇಲಿ ಮುರಿದುಹೋಗಿತ್ತು.

ಕ್ಯಾನ್ಸರಿನ ಗಂಟು ಮೊದಮೊದಲು ನೋಯಲೇಬೇಕೆಂದಿಲ್ಲ. ಬೇಲಿಯೊಳಗಿರುವಾಗಲೇ ಸಿಕ್ಕಿದರೆ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುವುದು ಎಷ್ಟೋ ಸುಲಭ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ. ಮೊದಲ ಪರೀಕ್ಷೆಗೆ ಅಷ್ಟು ದೂರವೂ ಹೋಗಬೇಕಿಲ್ಲ, ಮಡಿಕೇರಿಯಲ್ಲೇ ವೈದ್ಯರಿದ್ದಾರೆ.

ಪಾಠ ಮುಗಿದ ಮೇಲೆ ಆ ಹುಡುಗಿ ಮೇಜಿನ ಬಳಿ ಬಂದಳು. "ಸಾರ್, ಅಮ್ಮನಿಗೂ ಹೇಳಲಾ?" ಎಂದಳು.

"ಇವತ್ತೇ ಹೇಳು" ಎಂದೆ.