ರೋಮನರ ನೀತಿ: ನಾನು ಬರೆಸಿದ ಒಂದು ತಪ್ಪು ಉತ್ತರ

‘ಭೋಗಲಾಲಸೆಯಿಂದಲೂ ಸ್ತ್ರೀಪುರುಷರ ನೈತಿಕ ಅಧಃಪತನದಿಂದಲೂ ರೋಮನ್ ಸಾಮ್ರಾಜ್ಯವು ನಾಶವಾಯಿತು.’ ಪ್ರೌಢಶಾಲೆಯಲ್ಲಿ ಚರಿತ್ರೆಯ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಈ ವಾಕ್ಯವನ್ನು ಎಷ್ಟು ತರಗತಿಗಳಿಗೆ ಬರೆಸಿದ್ದೇನೋ ಲೆಕ್ಕವಿಲ್ಲ. ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಪೂರ್ಣ ಅಂಕವನ್ನೂ ಕೊಟ್ಟಿದ್ದೇನೆ. ನಿವೃತ್ತಿಯ ನಂತರ ಬಿಡುವಾಗಿ ಓದತೊಡಗಿದ ಮೇಲೆ ಅದು ಸರಿಯಲ್ಲವೆಂದು ಮನವರಿಕೆಯಾಗಿದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಮಾತೂ ಆಗಾಗ ಕೇಳಿಬರುತ್ತದೆ: ಪ್ರಾಚೀನ ರೋಮ್ ಕಾಮದ ವಿಷಯದಲ್ಲಿ ಮುಕ್ತ ಸಮಾಜವಾಗಿತ್ತು, ಕಟ್ಟುಪಾಡುಗಳೆಲ್ಲ ಅನಂತರ ಬಂದವು ಎಂದು. ನನ್ನ ಅಭಿಪ್ರಾಯದಲ್ಲಿ ಇವೆರಡೂ ತಪ್ಪು. ಎರಡೂ ಒಂದೇ ಬಗೆಯ ತಪ್ಪು.

ಮೊದಲು ಇಸವಿಗಳನ್ನು ನೋಡೋಣ. ದುರ್ನಡತೆಗೆ ಹೆಸರಾದ ಕ್ಯಾಲಿಗುಲಾ, ಮೆಸ್ಸಲಿನಾ, ನೀರೋ ಎಲ್ಲರೂ ಕ್ರಿ.ಶ. 1ನೆಯ ಶತಮಾನದವರು. ನೀರೋ ಸತ್ತದ್ದು ಕ್ರಿ.ಶ. 68ರಲ್ಲಿ. ಅದಾದ ಅರ್ಧ ಶತಮಾನದ ಮೇಲೆ, ಕ್ರಿ.ಶ. 117ರ ವೇಳೆಗೆ, ಟ್ರಾಜನನ ಆಳ್ವಿಕೆಯಲ್ಲಿ ಸಾಮ್ರಾಜ್ಯವು ತನ್ನ ಅತ್ಯಂತ ವಿಸ್ತಾರವಾದ ಗಡಿಗಳನ್ನು ಮುಟ್ಟಿತು. ಪಶ್ಚಿಮ ರೋಮಿನಲ್ಲಿ ರೊಮುಲಸ್ ಆಗಸ್ಟುಲಸ್ ಪದಚ್ಯುತನಾದದ್ದು ಕ್ರಿ.ಶ. 476ರಲ್ಲಿ. ನೀರೋ ಸತ್ತು ಆಗ 408 ವರ್ಷಗಳಾಗಿದ್ದವು. ಅಷ್ಟರೊಳಗೆ, ಕ್ರಿ.ಶ. 380ರಲ್ಲಿ, ಕ್ರೈಸ್ತಮತವು ರಾಜಧರ್ಮವಾಗಿತ್ತು. ನಾಲ್ಕು ಶತಮಾನಗಳ ಹಿಂದಿನ ಔತಣಕೂಟಗಳು ಸಾಮ್ರಾಜ್ಯವನ್ನು ಕೆಡವಿದವೆಂದು ನಾನು ಮಕ್ಕಳಿಗೆ ಹೇಳಿದ್ದೆನಲ್ಲಾ ಎಂದು ಈಗ ನಾಚಿಕೆಯಾಗುತ್ತದೆ.

ಹಾಗಾದರೆ ರೋಮನರಿಗೆ ನೀತಿಯೇ ಇರಲಿಲ್ಲವೇ? ಇತ್ತು, ಬಹಳ ಬಿಗಿಯಾಗಿಯೇ ಇತ್ತು. ಆದರೆ ಅದು ಕೇಳುತ್ತಿದ್ದ ಪ್ರಶ್ನೆ ಬೇರೆ. ಲ್ಯಾಟಿನ್ ಭಾಷೆಯಲ್ಲಿ ಸದ್ಗುಣಕ್ಕೆ ‘ವಿರ್ಟೂಸ್’ ಎಂಬ ಪದವಿದೆ. ಪುರುಷ ಎಂಬರ್ಥದ ‘ವಿರ್’ ಎಂಬುದರಿಂದ ಹುಟ್ಟಿದ ಪದವದು. ಸ್ವತಂತ್ರ ಪ್ರಜೆಯಾದ ಗಂಡಸು ಎಲ್ಲೆಡೆಯೂ ಯಜಮಾನನಾಗಿಯೇ ಇರಬೇಕು, ಶಯ್ಯೆಯಲ್ಲಿಯೂ ಸಹ. ಅವನ ಸಂಗಾತಿ ಹೆಣ್ಣೋ ಗಂಡೋ ಎಂಬುದಕ್ಕಿಂತ, ಅವನು ಇನ್ನೊಬ್ಬನಿಗೆ ಅಧೀನನಾದನೇ ಎಂಬುದು ಮುಖ್ಯವಾಗಿತ್ತು. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರನ ವಿಜಯೋತ್ಸವದ ಮೆರವಣಿಗೆಯಲ್ಲಿ ಅವನ ಸೈನಿಕರೇ ಅವನನ್ನು ಗೇಲಿ ಮಾಡಿ ಹಾಡಿದರೆಂದು ಸುಟೋನಿಯಸ್ ಬರೆದಿದ್ದಾನೆ. ಗಾಲ್ ದೇಶವನ್ನು ಮಣಿಸಿದ ಈತ ಯೌವನದಲ್ಲಿ ಬಿಥೀನಿಯಾದ ರಾಜ ನಿಕೊಮಿಡೀಸನಿಗೆ ತಾನೇ ಮಣಿದಿದ್ದನೆಂಬುದು ಆ ಗೇಲಿಯ ತಿರುಳು. ಪುರುಷನೊಡನೆ ಸ್ನೇಹವಿತ್ತೆಂಬುದು ಅಪಹಾಸ್ಯಕ್ಕೆ ಕಾರಣವಲ್ಲ, ಅಧೀನನಾಗಿದ್ದನೆಂಬುದೇ ಕಾರಣ.

ಹೀಗೆ ಅಧೀನರಾಗಿರಲೆಂದೇ ಇದ್ದವರು ಗುಲಾಮರು. ಇಲ್ಲಿಯೇ ನನ್ನ ಮನಸ್ಸನ್ನು ಬಹಳ ಕಾಡಿದ ವಸ್ತುವೊಂದಿದೆ. ಸ್ವತಂತ್ರ ರೋಮನರ ಗಂಡುಮಕ್ಕಳು ಕೊರಳಲ್ಲಿ ‘ಬುಲ್ಲಾ’ ಎಂಬ ತಾಯತವನ್ನು ಧರಿಸುತ್ತಿದ್ದರು. ಸಿರಿವಂತರದು ಚಿನ್ನದ್ದು, ಬಡವರದು ಚರ್ಮದ್ದು. ನಮ್ಮಲ್ಲಿ ದೃಷ್ಟಿ ತಾಗದಿರಲೆಂದು ಕಟ್ಟುತ್ತೇವಲ್ಲ, ಅದೇ ಬಗೆಯ ರಕ್ಷೆ. ಹುಡುಗನು ಪ್ರಾಯಕ್ಕೆ ಬಂದಾಗ ಅದನ್ನು ತೆಗೆದು ಮನೆದೇವರಿಗೆ ಒಪ್ಪಿಸುತ್ತಿದ್ದರು. ಈ ಪದ್ಧತಿಗೆ ಕಾರಣವೇನಿರಬಹುದೆಂದು ಚರ್ಚಿಸುತ್ತ ಪ್ಲುಟಾರ್ಕನು ಒಂದು ಸಾಧ್ಯತೆಯನ್ನು ಸೂಚಿಸುತ್ತಾನೆ: ಮೈಮೇಲೆ ಬಟ್ಟೆಯಿಲ್ಲದಿದ್ದಾಗಲೂ ಈ ಹುಡುಗ ಸ್ವತಂತ್ರ ಮನೆತನದವನು, ಇವನನ್ನು ಮುಟ್ಟಕೂಡದು ಎಂಬುದು ಗಂಡಸರಿಗೆ ತಿಳಿಯಲೆಂದು. ಒಂದೇ ಅಂಗಳದಲ್ಲಿ ಆಡುವ, ಒಂದೇ ವಯಸ್ಸಿನ ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಒಬ್ಬನ ಕೊರಳಲ್ಲಿ ತಾಯತವಿದೆ, ಇನ್ನೊಬ್ಬನ ಕೊರಳು ಬರಿದು. ಮೊದಲನೆಯವನನ್ನು ಕೆಡಿಸುವುದು ಮಹಾಪರಾಧ. ಎರಡನೆಯವನ ವಿಷಯದಲ್ಲಿ ಯಜಮಾನನು ಮಾಡಿದ್ದು ಅಪರಾಧವೇ ಅಲ್ಲ. ಮೂವತ್ತು ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿ ಪಾಠ ಹೇಳಿದ ನನಗೆ ಈ ಸಂಗತಿಯನ್ನು ಓದಿ ಮುಂದಿನ ಪುಟಕ್ಕೆ ಹೋಗುವುದು ಸುಲಭವಾಗಲಿಲ್ಲ.

ಹೆಂಗಸರ ಸ್ಥಿತಿಯೂ ಇದೇ ಅಳತೆಗೋಲಿಗೆ ಸಿಕ್ಕಿತ್ತು. ಹೆಣ್ಣುಮಗುವಿನ ಹೆಸರು ಬಹುಮಟ್ಟಿಗೆ ತಂದೆಯ ಕುಲನಾಮದ ಸ್ತ್ರೀರೂಪ: ಜೂಲಿಯಸನ ಮಗಳು ಜೂಲಿಯಾ, ಕಾರ್ನೀಲಿಯಸನ ಮಗಳು ಕಾರ್ನೀಲಿಯಾ. ಇಬ್ಬರಿದ್ದರೆ ಹಿರಿಯಳು, ಕಿರಿಯಳು. ಕ್ರಿ.ಪೂ. 18ರಲ್ಲಿ ಆಗಸ್ಟಸನು ವ್ಯಭಿಚಾರವನ್ನು ಸಾರ್ವಜನಿಕ ಅಪರಾಧವೆಂದು ಘೋಷಿಸಿದನು. ತಪ್ಪಿತಸ್ಥೆಯೆಂದು ತೀರ್ಮಾನವಾದ ಹೆಂಗಸು ವರದಕ್ಷಿಣೆಯ ಅರ್ಧವನ್ನೂ ಆಸ್ತಿಯ ಮೂರನೆಯ ಒಂದು ಭಾಗವನ್ನೂ ಕಳೆದುಕೊಂಡು ದ್ವೀಪವೊಂದಕ್ಕೆ ಗಡೀಪಾರಾಗುತ್ತಿದ್ದಳು. ಆದರೆ ಹೆಂಡತಿಯಿದ್ದವನು ಮನೆಯ ದಾಸಿಯನ್ನು ಕೂಡಿದರೆ ಆ ಕಾನೂನಿನಲ್ಲಿ ಅದು ವ್ಯಭಿಚಾರವಲ್ಲ! ಆ ದಾಸಿಗೆ ಹುಟ್ಟಿದ ಮಗುವೂ ಅವಳ ಒಡೆಯನ ಸೊತ್ತೇ. ಸ್ವತಃ ಆಗಸ್ಟಸನ ಏಕಮಾತ್ರ ಪುತ್ರಿ ಜೂಲಿಯಾ ಕ್ರಿ.ಪೂ. 2ರಲ್ಲಿ ಪಂಡಟೇರಿಯಾ ದ್ವೀಪದ ಪಾಲಾದಳು. ಕ್ರಿ.ಶ. 9ರಲ್ಲಿ ವಿವಾಹವನ್ನು ಪ್ರೋತ್ಸಾಹಿಸುವ ಇನ್ನೊಂದು ಕಾನೂನು ಬಂದಿತು. ಅದಕ್ಕೆ ತಮ್ಮ ಹೆಸರು ಕೊಟ್ಟ ಪೇಪಿಯಸ್ ಮತ್ತು ಪೋಪಿಯಸ್ ಎಂಬ ಕಾನ್ಸಲರಿಬ್ಬರೂ ಅವಿವಾಹಿತರಾಗಿದ್ದರೆಂದು ಡಿಯೋ ಕ್ಯಾಸಿಯಸ್ ದಾಖಲಿಸಿದ್ದಾನೆ.

ರೋಮಿನ ಹೆಂಗಸರು ಸುಮ್ಮನಿದ್ದರೆಂದು ತಿಳಿಯಬಾರದು. ಕ್ರಿ.ಪೂ. 195ರಲ್ಲಿ, ಒಡವೆ ವಸ್ತ್ರಗಳ ಮೇಲೆ ಮಿತಿ ಹೇರಿದ್ದ ಓಪಿಯನ್ ಕಾನೂನಿನ ವಿರುದ್ಧ ಅವರು ಬೀದಿಗಿಳಿದರು. ಕೇಟೋನ ಪ್ರಬಲ ವಿರೋಧವಿದ್ದರೂ ಆ ಕಾನೂನು ರದ್ದಾಯಿತು. ಕ್ರಿ.ಪೂ. 42ರಲ್ಲಿ 1400 ಮಂದಿ ಸಿರಿವಂತ ಸ್ತ್ರೀಯರ ಮೇಲೆ ಯುದ್ಧದ ತೆರಿಗೆ ವಿಧಿಸಲು ಹೊರಟಾಗ ಹಾರ್ಟೆನ್ಸಿಯಾ ಎಂಬಾಕೆ ಫೋರಂನಲ್ಲಿ ನಿಂತು, ಅಧಿಕಾರದಲ್ಲಿ ಪಾಲಿಲ್ಲದ ನಾವು ತೆರಿಗೆಯನ್ನೇಕೆ ಕೊಡಬೇಕೆಂದು ವಾದಿಸಿದಳು. ತೆರಿಗೆಯ ಪಟ್ಟಿ 400ಕ್ಕೆ ಇಳಿಯಿತು. ಅಭಿಮಾನಪಡಬೇಕಾದ ಮಾತೇ ಸರಿ. ಆದರೆ ಫೋರಂನಲ್ಲಿ ನಿಂತು ಹೀಗೆ ನ್ಯಾಯ ಕೇಳುವ ಅವಕಾಶ ಅವಳ ದಾಸಿಗೆ ಇರಲಿಲ್ಲ.

ಆ ಕಾಲಕ್ಕೆ ಅದು ಸಹಜ, ಇಂದಿನ ಕಣ್ಣಿನಿಂದ ನೋಡಬಾರದು ಎಂದು ಕೆಲವರು ಹೇಳಬಹುದು. ಆ ಕಾಲದವನೇ ಆದ ಮುಸೋನಿಯಸ್ ರೂಫಸನು ಈ ಮಾತಿಗೆ ಉತ್ತರವಾಗಿದ್ದಾನೆ. ನೀರೋನಿಂದ ಗಡೀಪಾರಾದ ಈ ತತ್ತ್ವಜ್ಞಾನಿ, ಹೆಣ್ಣುಮಕ್ಕಳೂ ತತ್ತ್ವಶಾಸ್ತ್ರ ಕಲಿಯಬೇಕೆಂದು ಬೋಧಿಸಿದನು. ದಾಸಿಯನ್ನು ಕೂಡುವುದು ತಪ್ಪಲ್ಲವೆನ್ನುವ ಯಜಮಾನನು, ತನ್ನ ಹೆಂಡತಿ ಗುಲಾಮನೊಬ್ಬನನ್ನು ಕೂಡಿದರೆ ತನಗೇನನ್ನಿಸುವುದೆಂದು ಯೋಚಿಸಲಿ ಎಂದನು. ಹುಟ್ಟಿನಿಂದ ಗುಲಾಮನಾಗಿದ್ದ ಎಪಿಕ್ಟೀಟಸ್ ಇವನ ಶಿಷ್ಯ. ಇಷ್ಟಾದರೂ ಒಂದು ಕೊರತೆ ಉಳಿಯಿತು. ಗಂಡನಿಗೇನನ್ನಿಸುತ್ತದೆ ಎಂಬವರೆಗೆ ಆ ಉಪನ್ಯಾಸ ಬಂದು ನಿಲ್ಲುತ್ತದೆ. ದಾಸಿಗೇನನ್ನಿಸುತ್ತದೆ ಎಂದು ಆ ಮಹಾನುಭಾವನೂ ಅಲ್ಲಿ ಕೇಳುವುದಿಲ್ಲ.

‘ಅಧಃಪತನ’ ಎನ್ನುವವರೂ ‘ಮುಕ್ತ ಸಮಾಜ’ ಎನ್ನುವವರೂ ಮಾಡುವ ತಪ್ಪು ಇದೇ. ಇಬ್ಬರೂ ಯಜಮಾನನನ್ನೇ ನೋಡುತ್ತಾರೆ. ಒಬ್ಬರು ಬೈಯುತ್ತಾರೆ, ಇನ್ನೊಬ್ಬರು ಮೆಚ್ಚುತ್ತಾರೆ. ನೀತಿ ಎಷ್ಟು ಬಿಗಿಯಾಗಿದೆ ಎಂಬುದಕ್ಕಿಂತ ಅದರ ರಕ್ಷಣೆ ಯಾರವರೆಗೆ ತಲುಪುತ್ತದೆ ಎಂದು ಕೇಳುವುದೇ ಸರಿಯಾದ ಪರೀಕ್ಷೆಯೆಂದು ನಾನು ನಂಬುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಅಂದು ಬರೆಸಿದ ಆ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಿ. ಕೊಟ್ಟ ಅಂಕಗಳನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ. ತಪ್ಪು ನಿಮ್ಮದಲ್ಲ, ನನ್ನದು.