ದಂತ ಕ್ಲಿನಿಕ್ ಸಿಬ್ಬಂದಿಯ ಕಿವಿಗೂ ರಕ್ಷಣೆ ಬೇಕು





ಬೆಂಗಳೂರಿನ ಸಿದ್ದಾಪುರದಿಂದ ಜಯನಗರ, ಜೆ.ಪಿ. ನಗರಗಳತ್ತ ನಡೆದರೆ ಬೀದಿ ಬೀದಿಯಲ್ಲೂ ಹಲ್ಲಿನ ಕ್ಲಿನಿಕ್‌ಗಳಿವೆ. ಬಹಳಷ್ಟು ಒಂದೆರಡು ಕುರ್ಚಿ ಹಿಡಿಯುವ ಸಣ್ಣ ಕೋಣೆಗಳು. ಹಲ್ಲು ಕೊರೆಯುವ ಏರೋಟರ್, ಹಲ್ಲಿನ ಪಾಚಿ ತೆಗೆಯುವ ಸ್ಕೇಲರ್, ಸಕ್ಷನ್, ಕಂಪ್ರೆಸರ್ ಎಲ್ಲವೂ ಅಷ್ಟರೊಳಗೇ ಓಡಬೇಕು. ರೋಗಿ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ವೈದ್ಯರು ಮತ್ತು ಸಹಾಯಕಿಯರು ವರ್ಷಗಟ್ಟಲೆ ಅದೇ ಸದ್ದಿನಲ್ಲಿ ದುಡಿಯುತ್ತಾರೆ. ನನ್ನ ಮಗಳೂ ಅಂಥ ಸಹಾಯಕಿ. ಆ ಕಾಳಜಿಯಿಂದಲೇ ಈ ಪತ್ರ.

ಏರೋಟರ್ ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಕೆಲಸದ ಜಾಗದ ಸದ್ದಿಗೆ ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಮಿತಿ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಶಿಫಾರಸು. ಸದ್ದು 88ಕ್ಕೇರಿದರೆ 4 ಗಂಟೆ, 91ಕ್ಕೇರಿದರೆ 2 ಗಂಟೆ ಮಾತ್ರ. ಸುಸ್ಥಿತಿಯ ಯಂತ್ರ ಸಾಮಾನ್ಯವಾಗಿ ಈ ಮಿತಿಯೊಳಗಿರುತ್ತದೆ, ನಿಜ. ಬೇರಿಂಗ್ ಸವೆದಾಗ, ಹಲವು ಯಂತ್ರಗಳು ಒಟ್ಟಿಗೆ ಓಡಿದಾಗ ಸದ್ದು ಎಷ್ಟಾಗುತ್ತದೆ ಎಂಬುದನ್ನು ಅಳೆದೇ ತಿಳಿಯಬೇಕು. ಸದ್ದಿನ ಪೆಟ್ಟು ಮೊದಲು ತಾಗುವುದು 4,000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸ್ವರಗಳಿಗೆ. ಮಾತು ಕೇಳಿಸುತ್ತಲೇ ಇರುವುದರಿಂದ ನಷ್ಟ ಬೇಗ ಗಮನಕ್ಕೆ ಬಾರದು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕ್ಲಿನಿಕ್‌ನ ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ. ರಕ್ತ ಹತ್ತಿದ ಹತ್ತಿಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಿವೆ. 2000ದ ಶಬ್ದ ಮಾಲಿನ್ಯ ನಿಯಮಗಳು ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಮಾಡಿ ಹೊರಗಿನ ಗದ್ದಲ ತಡೆಯಲು ಹೇಳುತ್ತವೆ. ಒಳಗೆ ದುಡಿಯುವವರ ಕಿವಿಯ ವಿಚಾರ ಅವುಗಳಲ್ಲಿಲ್ಲ. ಶಬ್ದದಿಂದ ಬರುವ ಕಿವುಡುತನ ಕಾರ್ಖಾನೆಗಳ ಕಾಯ್ದೆಯ ವೃತ್ತಿಕಾಯಿಲೆಗಳ ಪಟ್ಟಿಗೆ ದಶಕಗಳ ಹಿಂದೆಯೇ ಸೇರಿತ್ತು. ಆದರೆ ಎರಡು ಕುರ್ಚಿಯ ಕ್ಲಿನಿಕ್ ಕಾರ್ಖಾನೆಯಲ್ಲವಲ್ಲ! ಹೀಗೆ ಈ ಸಿಬ್ಬಂದಿಯ ಕಿವಿ ಯಾರ ಹೊಣೆಯೂ ಅಲ್ಲದಂತಾಗಿದೆ. ಇದು ಸರಿಯಲ್ಲ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ಕ್ಲಿನಿಕ್‌ಗಳ ನೋಂದಣಿ ಕಡ್ಡಾಯ. ನೋಂದಣಿ ಮತ್ತು ನವೀಕರಣದ ವೇಳೆ ಸದ್ದಿನ ಅಳತೆ, ಸಿಬ್ಬಂದಿಗೆ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ, ಇವೆರಡನ್ನು ಆರೋಗ್ಯ ಇಲಾಖೆ ಷರತ್ತಾಗಿಸಲಿ. ಹತ್ತಾರು ಕುರ್ಚಿಗಳು ಒಂದೇ ಹಾಲ್‌ನಲ್ಲಿರುವ ದಂತ ಕಾಲೇಜುಗಳಿಂದಲೇ ಇದು ಶುರುವಾಗಲಿ. ಮಾರ್ಗಸೂಚಿ ಬರೆದುಕೊಡಬಲ್ಲ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಶ್ರವಣ ವಿಭಾಗವಿರುವ ನಿಮ್ಹಾನ್ಸ್ ನಮ್ಮ ಸಿದ್ದಾಪುರದ ಮಗ್ಗುಲಲ್ಲೇ ಇದೆ.

ದಂತವೈದ್ಯರಲ್ಲೂ ಒಂದು ವಿನಂತಿ: ಆದೇಶಕ್ಕೆ ಕಾಯಬೇಡಿ. ಕಂಪ್ರೆಸರನ್ನು ಕೋಣೆಯಿಂದ ಹೊರಗಿಡಿ, ಹ್ಯಾಂಡ್‌ಪೀಸ್‌ಗೆ ಕಾಲಕಾಲಕ್ಕೆ ಎಣ್ಣೆ ಹಾಕಿಸಿ, ಸವೆದ ಬೇರಿಂಗ್ ಬದಲಿಸಿ, ಸಹಾಯಕಿಯರಿಗೆ ಇಯರ್‌ಪ್ಲಗ್ ಕೊಡಿ. ಅವರ ಜೊತೆಗೆ ನಿಮ್ಮ ಕಿವಿಯೂ ಉಳಿಯುತ್ತದೆ.

– ಸಹಾಯಕಿಯೊಬ್ಬರ ತಂದೆ, ಸಿದ್ದಾಪುರ, ಬೆಂಗಳೂರು