ಮಂಡಿ ನೋವೆಂದು ಸೈಕಲ್ ಮೂಲೆಗಿಡಬೇಡಿ



ಮಕ್ಕಳು ಹೈಸ್ಕೂಲು ಮುಗಿಸಿ ಕಾಲೇಜಿಗೆ ಬಸ್ಸು ಹತ್ತಿದ ಮೇಲೆ ಎಷ್ಟೋ ಮನೆಗಳಲ್ಲಿ ಒಂದು ಲೇಡೀಸ್ ಸೈಕಲ್ ಕೇಳುವವರಿಲ್ಲದೆ ಉಳಿದುಬಿಡುತ್ತದೆ. 2006-07ರಿಂದ ಹಲವು ವರ್ಷ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತಲ್ಲ, ಅಂಥದ್ದೂ ಇರಬಹುದು. ಅದನ್ನೇ ಒರೆಸಿ, ಗಾಳಿ ಹೊಡೆಸಿ, ಬೆಳಗ್ಗೆ ಅರ್ಧ ಗಂಟೆ ಸುತ್ತಿ ಬರೋಣ ಅಂತ ಹೊರಡುವ ಗೃಹಿಣಿಯರು ಈಗ ಸಣ್ಣ ಊರುಗಳಲ್ಲೂ ಕಾಣುತ್ತಾರೆ. ಬಹಳ ಸಂತೋಷ. ಆದರೆ ಹದಿನೈದು ದಿನ ಕಳೆಯುವುದರೊಳಗೆ ಎಷ್ಟೋ ಮಂದಿ "ಅಯ್ಯೋ, ಮಂಡಿ ಹಿಡಿದುಕೊಂಡಿತು ಕಣ್ರೀ" ಅನ್ನುತ್ತಾರೆ. "ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?" ಎಂದು ಮನೆಯವರೂ ದನಿಗೂಡಿಸುತ್ತಾರೆ. ಸೈಕಲ್ ಮತ್ತೆ ಹಿತ್ತಿಲು ಸೇರುತ್ತದೆ.

ಬೆಳಗಿನಿಂದ ರಾತ್ರಿಯವರೆಗೆ ಯಾರದಾದರೂ ಒಬ್ಬರ ಕರೆಗೆ ಓಗೊಡುತ್ತಲೇ ಇರುವ ನಮಗೆ ಆ ಅರ್ಧ ಗಂಟೆ ಎಷ್ಟು ದೊಡ್ಡದು ಎಂಬುದು ನಮಗೇ ಗೊತ್ತು. ಯಾರೂ ಕೂಗದ, ಯಾರಿಗೂ ಕಾಫಿ ಕಾಯಿಸಬೇಕಾಗಿಲ್ಲದ ಅರ್ಧ ಗಂಟೆ! ಅದನ್ನು ಬಿಟ್ಟುಕೊಡುವ ಮೊದಲು ಈ ಅಂಕಣವನ್ನು ಓದಿ. ಬಹಳ ಸಲ ತಪ್ಪು ವಯಸ್ಸಿನದಲ್ಲ, ತುಳಿಯುವ ಬಗೆಯದು.

ಬೀಸುವ ಕಲ್ಲಿನ ಪಾಠ

ನಮ್ಮ ಅಜ್ಜಿಯರು ರಾಗಿ ಬೀಸುತ್ತಿದ್ದುದನ್ನು ನೆನಪಿಸಿಕೊಳ್ಳಿ. ಬೇಗ ಮುಗಿಯಲಿ ಎಂದು ಕಲ್ಲಿನ ಬಾಯಿಗೆ ಒಮ್ಮೆಲೇ ರಾಶಿ ಸುರಿದರೆ ಕಲ್ಲು ಭಾರವಾಗುತ್ತದೆ, ತೋಳು ಬಿದ್ದುಹೋಗುತ್ತದೆ. ತಿಳಿದವರು ಸ್ವಲ್ಪ ಸ್ವಲ್ಪವೇ ಹಾಕಿ, ಹಾಡಿನ ಲಯಕ್ಕೆ ಸಲೀಸಾಗಿ ತಿರುಗಿಸುತ್ತಿದ್ದರು. ಸುತ್ತು ಹೆಚ್ಚು, ಸುತ್ತೊಂದಕ್ಕೆ ಬಲ ಕಡಿಮೆ.

ಸೈಕಲ್ಲೂ ಹಾಗೆಯೇ. ಒಂದೇ ವೇಗದಲ್ಲಿ ಹೋಗಲು ಎರಡು ದಾರಿಗಳುಂಟು: ನಿಧಾನವಾಗಿ, ಗಟ್ಟಿಯಾಗಿ ಒತ್ತಿ ತುಳಿಯುವುದು ಒಂದು, ಹಗುರವಾಗಿ, ಬೇಗ ಬೇಗ ತುಳಿಯುವುದು ಇನ್ನೊಂದು. ಮೊದಲನೆಯದರಲ್ಲಿ ಪ್ರತಿ ತುಳಿತದ ಭಾರವೂ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಎರಡನೆಯದರಲ್ಲಿ ಆ ಭಾರ ಹಂಚಿಹೋಗುತ್ತದೆ. ಉಸಿರು ಸ್ವಲ್ಪ ಹೆಚ್ಚಾಗುತ್ತದೆ ನಿಜ, ಆದರೆ ಕಾಲು ಬೇಗ ಸೋಲುವುದಿಲ್ಲ. ನಿಧಾನವಾಗಿ ತುಳಿದರೆ ಕಾಲಿಗೆ ಆರಾಮ ಎಂದು ನಾವು ತಿಳಿದಿರುವುದೇ ತಲೆಕೆಳಗು ನೋಡಿ!

ಮೊದಲು ಎಣಿಸಿ

ನಿಮ್ಮ ಲೆಕ್ಕ ಎಷ್ಟೆಂದು ತಿಳಿಯಲು ಯಾವ ಯಂತ್ರವೂ ಬೇಡ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ ಹೋಗುವಾಗ ಮೊಬೈಲಿನಲ್ಲಿ ಅರ್ಧ ನಿಮಿಷಕ್ಕೆ ಗಂಟೆ ಬಾರಿಸುವಂತೆ ಇಟ್ಟುಕೊಳ್ಳಿ. ಬಲಮಂಡಿ ಮೇಲೆ ಬಂದಾಗಲೆಲ್ಲ ಒಂದು, ಎರಡು ಎಂದು ಎಣಿಸಿ. ಬಂದದ್ದನ್ನು ಎರಡರಿಂದ ಗುಣಿಸಿ. ಅದೇ ನಿಮಿಷಕ್ಕೆ ನಿಮ್ಮ ತುಳಿತ.

ಹೊಸಬರಿಗೆ ಇದು ಸಾಮಾನ್ಯವಾಗಿ 40-50 ಬರುತ್ತದೆ. ಗೇರ್ ಇರುವ ಸೈಕಲ್ಲಾದರೆ ಹವ್ಯಾಸಕ್ಕೆ ತುಳಿಯುವ ನಮಗೆ 60ರಿಂದ 75 ಹಿತವಾದದ್ದು. ರೇಸಿನವರು 90-100 ತುಳಿಯುತ್ತಾರೆ. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೊದಲ್ಲಿ ಒಂದು ಗಂಟೆಯಲ್ಲಿ 49 ಕಿ.ಮೀ. 431 ಮೀಟರ್ ಹೋಗಿ ದಾಖಲೆ ಮಾಡಿದಾಗ ನಿಮಿಷಕ್ಕೆ ನೂರರ ಮೇಲೆ ತುಳಿದಿದ್ದರು. ಅದು ಅವರಿಗಿರಲಿ ಬಿಡಿ. ನಾವು ತರಕಾರಿ ಚೀಲ ಹೊತ್ತು ಮನೆ ಮುಟ್ಟಿದರೆ ಸಾಕು.

ಗೇರ್ ಇಲ್ಲದ ಸೈಕಲ್ಲಿಗೇನು ಮಾಡೋಣ?

ನಮ್ಮಲ್ಲಿ ಹೆಚ್ಚಿನವರದು ಇಂಥದ್ದೇ ತಾನೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು, ಗಾಲಿ 26 ಇಂಚಿನದು ಎಂದಿಟ್ಟುಕೊಳ್ಳಿ. ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 5 ಮೀಟರ್ ಸಾಗುತ್ತದೆ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಆರಾಮವಾಗಿ ಹೋದರೆ ನಿಮಿಷಕ್ಕೆ 40 ತುಳಿತ ಮಾತ್ರ! 60 ಮುಟ್ಟಬೇಕಾದರೆ 18 ಕಿ.ಮೀ. ವೇಗ ಬೇಕು. ಪೇಟೆಯ ಬೀದಿಯಲ್ಲಿ ಅದಾಗದ ಮಾತು.

ಇದಕ್ಕೊಂದು ಉಪಾಯವುಂಟು. ಸೈಕಲ್ ಶಾಪಿನಲ್ಲಿ ಹೇಳಿ, ಹಿಂದಿನ ಫ್ರೀವೀಲನ್ನು 20 ಅಥವಾ 22 ಹಲ್ಲಿನದಕ್ಕೆ ಬದಲಾಯಿಸಿಕೊಳ್ಳಿ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. 22 ಹಲ್ಲಿನದಾದರೆ ಅದೇ 12 ಕಿ.ಮೀ. ವೇಗಕ್ಕೆ ಸುಮಾರು 48 ತುಳಿತ. ಪ್ರತಿ ತುಳಿತವೂ ಹಗುರ. ಇಂಥ ಸೈಕಲ್ಲಿಗೆ 50-55 ಬಂದರೆ ತೃಪ್ತಿಪಡಿ. ದೊಡ್ಡ ಏರು ಬಂದರೆ ಇಳಿದು ತಳ್ಳಿಕೊಂಡು ಹೋಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಗೇರ್ ಇದ್ದವರು ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಬದಲಾಯಿಸಿ. ಮುಂದೆ ಸಣ್ಣ ಚಕ್ರ, ಹಿಂದೆ ದೊಡ್ಡದು, ಇಷ್ಟು ನೆನಪಿಟ್ಟರೆ ಸಾಕು. ಬದಲಾಯಿಸುವಾಗ ತುಳಿಯುತ್ತಿರಬೇಕು, ಆದರೆ ಒತ್ತಬಾರದು.

ಸೀಟಿನ ಎತ್ತರ

ಬೀಳುವ ಭಯಕ್ಕೆ ಎರಡು ಪಾದವೂ ನೆಲಕ್ಕೆ ಪೂರ್ತಿ ತಾಗುವಷ್ಟು ಸೀಟು ಇಳಿಸಿಕೊಳ್ಳುವುದು ನಮ್ಮ ಹೆಂಗಸರ ಅಭ್ಯಾಸ. ಆಗ ಮಂಡಿ ವಿಪರೀತ ಮಡಿಸಿಕೊಂಡೇ ಇರುತ್ತದೆ. ಬೇಗ ತುಳಿಯಲೂ ಆಗದು, ನೋವೂ ತಪ್ಪದು.

ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಗಿಳಿಸಿ, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಆಮೇಲೆ ಬೆರಳುಗಳ ಬುಡದ ದಪ್ಪ ಭಾಗದಿಂದ ತುಳಿದಾಗ ಮಂಡಿ ತುಸುವೇ ಬಾಗುತ್ತದೆ. ಅದೇ ಸರಿಯಾದ ಎತ್ತರ. ಒಂದೇ ಸಲ ಎತ್ತರಿಸಲು ಹೆದರಿಕೆಯಾದರೆ ವಾರಕ್ಕೆ ಅರ್ಧ ಇಂಚಿನಂತೆ ಏರಿಸಿ. ನಿಲ್ಲಿಸುವಾಗ ಬ್ರೇಕು ಹಿಡಿದು, ಸೀಟಿನಿಂದ ಮುಂದಕ್ಕೆ ಜಾರಿ ಕಾಲೂರುವುದನ್ನು ಮೊದಲು ರೂಢಿಸಿಕೊಳ್ಳಿ.

ಟೈರಿನಲ್ಲಿ ಗಾಳಿ ಗಟ್ಟಿಯಾಗಿರಲಿ, ಚೈನಿಗೆ ಎಣ್ಣೆ ಇರಲಿ. ಸೀರೆಯ ಸೆರಗನ್ನಾಗಲಿ, ದುಪಟ್ಟಾವನ್ನಾಗಲಿ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಜಾರುವ ಚಪ್ಪಲಿ ಬೇಡ.

ಅಭ್ಯಾಸ ಹೀಗಿರಲಿ

1. ಮೊದಲ ಐದು ನಿಮಿಷ ನಿಮ್ಮ ಇಷ್ಟದಂತೆ ತುಳಿಯಿರಿ.

2. ನಂತರ ಒಂದು ನಿಮಿಷ, ನಿಮ್ಮ ಮಾಮೂಲು ಎಣಿಕೆಗಿಂತ ಐದು ಹೆಚ್ಚಾಗುವಂತೆ ತುಳಿಯಿರಿ. ಆಮೇಲೆ ಮೂರು ನಿಮಿಷ ಮಾಮೂಲಿನಂತೆ. ಹೀಗೆ ನಾಲ್ಕು ಸಲ.

3. ಕಾಲು ಒಗ್ಗಿದ ಮೇಲೆ, ಒಂದೆರಡು ವಾರ ಬಿಟ್ಟು, ಇನ್ನೈದು ಸೇರಿಸಿ. ಅವಸರ ಬೇಡ.

4. ಸೀಟಿನ ಮೇಲೆ ಮೈ ಕುಣಿಯತೊಡಗಿದರೆ ಅತಿಯಾಯಿತೆಂದು ಅರ್ಥ; ಸ್ವಲ್ಪ ಇಳಿಸಿ. ಪಕ್ಕದವರೊಡನೆ ಮಾತಾಡಲಾಗದಷ್ಟು ಏದುಸಿರು ಬಂದರೂ ಅಷ್ಟೇ.

5. ಎಣಿಸಿ ಬೇಸರವಾದರೆ ಲಯಕ್ಕೆ ಹೊಂದುವ ಹಾಡೊಂದನ್ನು ಮನಸ್ಸಿನಲ್ಲೇ ಗುನುಗಿಕೊಳ್ಳಿ. ಕಿವಿಗೆ ಮಾತ್ರ ಏನನ್ನೂ ಸಿಕ್ಕಿಸಿಕೊಳ್ಳಬೇಡಿ, ಹಿಂದಿನ ಲಾರಿಯ ಹಾರನ್ ಕೇಳಿಸಬೇಕು.

ಒಂದು ಎಚ್ಚರಿಕೆ. ಮಂಡಿ ಊದಿಕೊಂಡಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೆಟ್ಟಿಲಿಳಿಯುವಾಗ ಸಿಕ್ಕಿಕೊಂಡಂತಾಗುತ್ತಿದ್ದರೆ ಈ ಪ್ರಯೋಗ ಬೇಡ, ಮೊದಲು ಡಾಕ್ಟರಿಗೆ ತೋರಿಸಿ. ಎದೆನೋವು, ರಕ್ತದೊತ್ತಡ ಇರುವವರೂ ಅವರನ್ನು ಕೇಳಿಯೇ ಹೊರಡಿ.

ಉಳಿದವರು ನಾಳೆಯೇ ಎಣಿಸಿ ನೋಡಿ. ಮೊದಲ ದಿನದ ಲೆಕ್ಕವನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆದಿಡಿ, ತಿಂಗಳ ಕೊನೆಯದನ್ನು ಅದರ ಪಕ್ಕದಲ್ಲಿ ಬರೆಯಿರಿ. "ಈ ವಯಸ್ಸಿನಲ್ಲಿ ಬೇಕಿತ್ತೇ?" ಎಂದವರಿಗೆ ಬಾಯಿಮಾತಿನ ಉತ್ತರವೇ ಬೇಕಾಗದು, ಕ್ಯಾಲೆಂಡರ್ ತೋರಿಸಿದರಾಯಿತು. ನಿಮ್ಮ ಎಣಿಕೆ ಎಷ್ಟು ಬಂತೆಂದು ನನಗೂ ಒಂದು ಕಾಗದ ಬರೆಯಿರಿ, ಆಗಬಹುದೇ?